ಮಾಳಿಗೆ ಮನೆಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ದೇವಾಲಯ. ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದಕ್ಕೆಂದು ದಾನಿಗಳು ಇಂತಿಷ್ಟು ಮತ್ತರು ಭೂಮಿಯನ್ನು ದೇವರಿಗೆ ಬಿಡುತ್ತಿದ್ದರು. ಕಟ್ಟುವುದಕ್ಕೆ ಕೊಟ್ಟ ಹಣ ಒಂದು ಸಲಕ್ಕೆ ಮುಗಿದುಹೋಗುತ್ತದೆ, ದುರಸ್ತಿಗಾದರೋ ವರ್ಷವರ್ಷವೂ ಹುಟ್ಟುವಳಿ ಬೇಕು ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಒಕ್ಕಲುತನದ ಮನೆಗೆ ಅಂತಹ ದತ್ತಿಯನ್ನು ಬಿಟ್ಟವರು ಯಾರು? ಹೊಲದ ನಡುವೆ ನಿಂತಿರುವ ಮನೆ, ದನದ ಕೊಟ್ಟಿಗೆ, ಕಾಳಿನ ಕೋಣೆ, ಬಾವಿಯ ಕಟ್ಟೆ, ಇವು ಬಿರಿದರೆ ಬಿರಿದಂತೆಯೇ ಉಳಿಯುವುದು ಈಗ ಸಾಮಾನ್ಯವಾಗಿದೆ. ಈ ಹೊತ್ತು ನಾವು ಹೇಳಬೇಕೆಂದಿರುವುದು ಇಂತಹ ಕಟ್ಟಡಗಳ ವಿಷಯವನ್ನು.

ನಗರಗಳಲ್ಲಿ ನೆಲಸಿರುವ ಕೇಳುಗರಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರ ಮನೆಯೊಂದು ಇದ್ದೇ ಇರುವುದು. ವರ್ಷಕ್ಕೊಮ್ಮೆ ಹೋಗಿ ಬೀಗ ತೆಗೆದು, ನೋಡಿ, ಮತ್ತೆ ಬೀಗ ಹಾಕಿ ಬರುತ್ತಾರೆ. ಅದನ್ನು ಕೆಡವಿ ಕಾಂಕ್ರೀಟಿನ ಮನೆ ಕಟ್ಟಬೇಕೆ, ಇದ್ದುದನ್ನೇ ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಅಣ್ಣತಮ್ಮಂದಿರು ಕೂಡಿದಾಗಲೆಲ್ಲ ಏಳುತ್ತದೆ, ಇತ್ಯರ್ಥವಾಗದೆ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಒಂದು ಮಳೆಗಾಲ ಅದನ್ನು ತಾನೇ ಇತ್ಯರ್ಥ ಮಾಡಿಬಿಡುವುದೂ ಉಂಟು. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯಲ್ಲಿ ಇಂತಹ ಮಣ್ಣಿನ ಮನೆಗಳು ಲೆಕ್ಕವಿಲ್ಲದಷ್ಟು ನೆಲಕ್ಕೆ ಕೂತವು.

ನಮ್ಮ ಮನೆತನದ ಹೊಲಮನೆ ಇರುವುದು ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಹಾದಿಯ ಒಳಬದಿಯಲ್ಲಿ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ರಾಯಚೂರು ದೋಆಬನ್ನು ಚರಿತ್ರೆಯ ವಿದ್ಯಾರ್ಥಿಗಳು ಯುದ್ಧಗಳ ಮೂಲಕ ಬಲ್ಲರು. ಮುದಗಲ್ಲಿನ ಕೋಟೆ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದೆ. ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದ ಶಾಸನದಿಂದಲೇ ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ಪಿಕ್ಕಲಿಹಾಳ. ಲಿಂಗಸುಗೂರು ತಾಲ್ಲೂಕಿನ ಆ ಊರಿನಲ್ಲಿ 1952ರಲ್ಲಿ ಆಲ್ಚಿನ್ ಅವರು ಅಗೆದು ನೋಡಿದಾಗ ನೂತನ ಶಿಲಾಯುಗದ ದನಗಾಹಿ ಜನರ ನೆಲೆ ಕಂಡುಬಂದಿತು. ಈ ಸೀಮೆಯಲ್ಲಿ ಮನುಷ್ಯನೂ ದನವೂ ಒಂದೇ ಬೇಲಿಯೊಳಗೆ ಬಾಳತೊಡಗಿ ಸಾವಿರಾರು ವರ್ಷಗಳಾದುವು. ನಮ್ಮ ಮನೆಯಲ್ಲಿಯೂ ತಲೆಬಾಗಿಲನ್ನು ದಾಟಿದರೆ ಮೊದಲು ಸಿಕ್ಕುವುದು ಎತ್ತುಗಳ ಜಾಗ. ಅಲ್ಲಿಂದ ಎರಡೂವರೆ ಅಡಿ ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡಿಗೆಯ ಮನೆ, ದೇವರ ಮನೆ, ಕಾಳಿನ ಕೋಣೆ. ಎತ್ತು ಮೆಲುಕು ಹಾಕುವ ಸದ್ದು ಕೇಳುತ್ತಿದ್ದರೆ ಹಿರಿಯರಿಗೆ ನಿದ್ದೆ ಬರುತ್ತಿತ್ತಂತೆ. ನಗರದ ನೈರ್ಮಲ್ಯಾಧಿಕಾರಿಗಳು ಇದನ್ನು ಒಪ್ಪಲಾರರು.

ಮನೆಯ ಅಳತೆಯನ್ನು ನಮ್ಮ ಕಡೆ ಅಂಕಣಗಳಲ್ಲಿ ಹೇಳುವ ರೂಢಿ. ಎರಡು ತೊಲೆಗಳ ನಡುವಣ ಅಂತರ ಒಂದು ಅಂಕಣ. ನಮ್ಮದು ಹನ್ನೆರಡು ಅಂಕಣದ ಮನೆ. ಬುಡದಲ್ಲಿ ಕಲ್ಲು, ಮೇಲೆ ಮಣ್ಣು, ಎರಡಡಿಗೂ ಮಿಕ್ಕಿದ ದಪ್ಪದ ಗೋಡೆ. ಒಳಗೆ ಮರದ ಕಂಬಗಳ ಸಾಲು, ಕಂಬದ ತಲೆಯಲ್ಲಿ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿಗಳು. ಜಂತಿಗಳ ಮೇಲೆ ಸೀಳಿದ ಕಟ್ಟಿಗೆಯ ತುಂಡುಗಳನ್ನು ಒತ್ತಾಗಿ ಹೊಂದಿಸಿ, ಬೇವಿನ ತೊಪ್ಪಲನ್ನು ಹರಡಿ, ಅದರ ಮೇಲೆ ಮಣ್ಣನ್ನು ಹಾಕಿ ತುಳಿದು ಬಡಿದಿರುತ್ತದೆ. ಇದೇ ಮಾಳಿಗೆ. ಬೇವಿನ ಕಹಿಗೆ ಹುಳು ಹತ್ತಿರ ಸುಳಿಯದೆಂಬ ನಂಬಿಕೆ. ಸುತ್ತಲೂ ಕುಂಬಿ, ನೀರು ಹರಿದುಹೋಗಲು ಕಲ್ಲಿನ ದೋಣಿ, ಬೆಳಕಿಗೆ ಗವಾಕ್ಷಿ. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿಗೂ ಮೀರಿದ ಬಿಸಿಲಿರುವಾಗ ಈ ಮಾಳಿಗೆಯ ಕೆಳಗೆ ಮಧ್ಯಾಹ್ನದ ಊಟಮಾಡಿ ಮಲಗಿದವರು, ಕಾಂಕ್ರೀಟಿನ ಸೂರಿನ ಕೆಳಗೆ ಪಂಕವನ್ನು ತಿರುಗಿಸಿಕೊಂಡು ಮಲಗಿದವರಿಗಿಂತ ಸುಖಿಗಳು. ಇದನ್ನು ನಾವು ಅಭಿಮಾನದಿಂದ ಹೇಳುತ್ತಿಲ್ಲ. ಎರಡೂ ಕಡೆ ಮಲಗಿ ನೋಡಿ ಹೇಳುತ್ತಿದ್ದೇವೆ.

ಮಾಳಿಗೆಯ ಮೇಲ್ಮಣ್ಣು ಎಂತಹದಾದರೂ ಆದೀತೆಂದು ತಿಳಿಯಬಾರದು. ಎರೆಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಮಸಾರಿ ಮಣ್ಣಿನಲ್ಲಿ ನೀರು ಇಳಿಯುತ್ತದೆ. ಅದಕ್ಕೆ ಬೇಕಾದುದು ಸವಳು ಮಣ್ಣು. ಬೆಳೆ ಬೆಳೆಯದ ಕರಲು ಭೂಮಿಯಿಂದ ಇದನ್ನು ಅಗೆದು ತರುತ್ತಾರೆ. ಇದರಲ್ಲಿರುವ ಸೋಡಿಯಂ ಲವಣದ ದೆಸೆಯಿಂದ ಜೇಡಿಯ ಕಣಗಳು ನೀರು ಸೋಕಿದೊಡನೆ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತವೆ. ಮೊದಲ ಮಳೆ ಬಿದ್ದು ಮೇಲ್ಪದರ ನೆನೆದರೆ ಎರಡನೆಯ ಮಳೆಯ ನೀರು ಒಳಕ್ಕಿಳಿಯದೆ ದೋಣಿಯ ಕಡೆಗೆ ಜಾರುತ್ತದೆ. ಹೊಲವನ್ನು ಕೆಡಿಸುವ ಗುಣವೇ ಮಾಳಿಗೆಯನ್ನು ಕಾಯುವ ಗುಣ. ರಸಾಯನಶಾಸ್ತ್ರವನ್ನು ಓದದ ನಮ್ಮ ರೈತರು ಇದನ್ನು ಕಂಡುಕೊಂಡದ್ದು ಸಾಮಾನ್ಯ ಬುದ್ಧಿಯಲ್ಲ. ಆದರೆ ಈ ಪದರ ಮಳೆಗಾಲದಲ್ಲಿ ಸವೆಯುವುದರಿಂದ, ಪ್ರತಿವರ್ಷವೂ ರೋಹಿಣಿ ಮಳೆಗೆ ಮೊದಲು ಹೊಸ ಮಣ್ಣು ಹಾಕತಕ್ಕದ್ದು. ಎರಡು ವರ್ಷ ಮರೆತರೆ ಹುಲ್ಲು ಬೇರಿಳಿಯುತ್ತದೆ, ಬೇರಿನ ಜಾಡಿನಲ್ಲಿ ನೀರಿಳಿಯುತ್ತದೆ, ನೀರಿನ ಹಿಂದೆ ಗೆದ್ದಲು ಬರುತ್ತದೆ.

ಇಷ್ಟು ಮಾತ್ರವೇ ಆಗಿದ್ದರೆ ಕೆಲಸ ಸುಲಭವಾಗಿತ್ತು. ಈ ಮನೆಗಳು ಕಟ್ಟಿದ ಕಾಲದ ನೆಲವೇ ಬೇರೆ, ಈಗಿನ ನೆಲವೇ ಬೇರೆ. ವರ್ಷಕ್ಕೆ ಅರವತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಜೋಳದ ಸೀಮೆ ಇದು. ಹಿರಿಯರು ಮನೆಯನ್ನು ಕಟ್ಟಿದ್ದು ಒಣಭೂಮಿಯ ಮೇಲೆ. ಹೈದರಾಬಾದ್ ಸಂಸ್ಥಾನವೂ ಮದರಾಸು ಸರ್ಕಾರವೂ ಸೇರಿ 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಕಾಲುವೆಗೆ ಹರಿಯಿತು. ಎಡದಂಡೆಯ ಕಾಲುವೆಯನ್ನು ಯೋಜಿಸಿದವರು ಜೋಳ, ಹತ್ತಿ ಮೊದಲಾದ ಬೆಳೆಗಳಿಗೆ ಮಿತವಾಗಿ ನೀರು ಕೊಡಬೇಕೆಂದೇ ಎಣಿಸಿದ್ದರು. ಆದರೆ ನೀರು ಕಂಡ ರೈತನು ಭತ್ತವನ್ನು ಬಿಡುವನೆ? ಸಿಂಧನೂರು ಅಕ್ಕಿಯ ಗಿರಣಿಗಳ ಊರಾಯಿತು. ಬಡತನ ಹೋಯಿತು, ಅದನ್ನು ಹಳಿಯುವುದಕ್ಕೆ ನಮಗೆ ಬಾಯಿಲ್ಲ. ಆದರೆ ಮನೆಯ ಸುತ್ತಲೂ ತಿಂಗಳುಗಟ್ಟಲೆ ನೀರು ನಿಂತ ಗದ್ದೆಗಳಾದುವು.

ಇದರ ಮೊದಲ ಸೂಚನೆಯನ್ನು ಕೊಟ್ಟದ್ದು ಹಗೇವು. ನೆಲದೊಳಗೆ ತೋಡಿದ ಈ ಕಾಳಿನ ಕುಣಿಗಳಲ್ಲಿ ಜೋಳವನ್ನು ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲವೆಂದು ಮನೆಯ ಹಿರಿಯರು ಹೇಳುತ್ತಿದ್ದರು. ನೀರಾವರಿ ಬಂದ ಕೆಲವು ವರ್ಷಗಳಲ್ಲಿಯೇ ನಮ್ಮ ಹಗೇವಿನ ತಳದಲ್ಲಿ ಪಸೆ ಕಂಡಿತು. ತರುವಾಯ ನೀರೇ ನಿಂತಿತು. ಹಗೇವಿನಲ್ಲಿ ನಿಂತ ನೀರು ಗೋಡೆಯ ಬುಡದಲ್ಲಿಯೂ ಇರಲೇಬೇಕಲ್ಲವೆ? ಮಣ್ಣಿನ ಗೋಡೆ ಬತ್ತಿಯಂತೆ ನೀರನ್ನು ಮೇಲಕ್ಕೆ ಹೀರುತ್ತದೆ. ನೀರಿನೊಡನೆ ಲವಣವೂ ಏರುತ್ತದೆ. ನೀರು ಗಾಳಿಗೆ ಆರಿಹೋಗಿ ಲವಣ ಗೋಡೆಯಲ್ಲಿಯೇ ಉಳಿಯುತ್ತದೆ. ಉಳಿದದ್ದು ಹರಳುಗಟ್ಟಿ ಉಬ್ಬಿ ಮಣ್ಣನ್ನು ಪುಡಿಮಾಡುತ್ತದೆ. ಮಾಳಿಗೆಯ ಮೇಲೆ ರಕ್ಷಕನಾಗಿದ್ದ ಲವಣ ಗೋಡೆಯ ಬುಡದಲ್ಲಿ ಭಕ್ಷಕನಾಗುವುದು ಹೀಗೆ.

ಬುಡ ಉದುರುವುದನ್ನು ಕಂಡು ಮೂವತ್ತು ವರ್ಷಗಳ ಹಿಂದೆ ಮನೆಯವರು ಮೂರಡಿ ಎತ್ತರದವರೆಗೆ ಸಿಮೆಂಟಿನ ಗಿಲಾವು ಮಾಡಿಸಿದ್ದರು. ಆ ಕಾಲಕ್ಕೆ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ನೋಡುವುದಕ್ಕೆ ಅಚ್ಚುಕಟ್ಟಾಗಿಯೂ ಇತ್ತು. ನಾವು ದುರಸ್ತಿಗೆ ಕೈಹಾಕಿದಾಗ ಬಂದ ಮುದಿ ಗೌಂಡಿಯು ಕರಣೆಯ ಹಿಡಿಯಿಂದ ಆ ಗಿಲಾವನ್ನು ಎರಡು ಬಾರಿ ತಟ್ಟಿ, ಕಿವಿಗೊಟ್ಟು ಕೇಳಿ, “ಮ್ಯಾಲ ಗಟ್ಟಿ ಐತ್ರಿ, ಒಳಗ ರಾಡಿ ಆಗೈತಿ” ಎಂದನು. ಒಂದು ಹಲಗೆಯಷ್ಟು ಸಿಮೆಂಟನ್ನು ಕಿತ್ತು ನೋಡಿದರೆ ಅವನ ಮಾತೇ ನಿಜ. ಹೊರಕ್ಕೆ ಆರಿಹೋಗಬೇಕಾಗಿದ್ದ ಪಸೆಗೆ ದಾರಿಯಿಲ್ಲದೆ ಅದು ಇನ್ನೂ ಮೇಲಕ್ಕೇರಿ, ಸಿಮೆಂಟು ಮುಗಿದಲ್ಲಿ ಗೋಡೆಯನ್ನು ತಿಂದಿತ್ತು. ಒಳಗಡೆ ಹೊಳಪಿನ ಟೈಲ್ಸು ಹಾಸಿದವರ ಮನೆಗಳಲ್ಲಿಯೂ ಇದೇ ಗತಿ. ನೆಲದಿಂದ ಮೇಲೇಳಲಾರದ ಪಸೆ ಗೋಡೆಯನ್ನು ಹುಡುಕಿಕೊಂಡು ಹೋಗುತ್ತದೆ. ಸಂದುಬಿಟ್ಟು ಹಾಸಿದ ಶಹಾಬಾದಿನ ಕಲ್ಲು ಹಳ್ಳಿಯ ಮನೆಗೆ ಇದಕ್ಕಿಂತ ಒಳ್ಳೆಯದು.

ಆದುದರಿಂದ ಜೀರ್ಣೋದ್ಧಾರದ ಮೊದಲ ಕೆಲಸ ಗೋಡೆಯದಲ್ಲ, ನೀರಿನದು. ಮನೆಗೆ ತಗುಲಿದ್ದ ಗದ್ದೆಯ ಒಂದು ಪಟ್ಟಿಯನ್ನು ಭತ್ತದಿಂದ ಬಿಡಿಸಿ, ಸುತ್ತಲೂ ಅಡಿಪಾಯದ ಮಟ್ಟಕ್ಕಿಂತ ಆಳವಾದ ಕಾಲುವೆಯನ್ನು ತೋಡಿ, ದಪ್ಪ ಜಲ್ಲಿಯನ್ನು ತುಂಬಿ, ತಗ್ಗಿನ ಹಳ್ಳಕ್ಕೆ ಜೋಡಿಸಬೇಕಾಯಿತು. ಆ ಪಟ್ಟಿಯ ಬೆಳೆ ಹೋಗುವುದೆಂದು ಮನೆಯಲ್ಲಿ ವಾದವೇನೋ ನಡೆಯಿತು. ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತು ನೆಲ ಆರಿದಾಗ ಸಿಮೆಂಟನ್ನು ಪೂರ್ತಿಯಾಗಿ ಕಿತ್ತು, ಒಂದು ಬೇಸಿಗೆಯೆಲ್ಲ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟೆವು. ನೋಡಿದವರು ಮನೆ ಕೆಡವುತ್ತಿದ್ದೇವೆಂದು ತಿಳಿದು ಹಳೆಯ ಕಂಬಗಳಿಗೆ ಬೆಲೆ ಕೇಳಿಕೊಂಡು ಬಂದರು.

ಗೋಡೆಯ ಕೊಳೆತ ಭಾಗವನ್ನು ಎರಡೆರಡು ಅಡಿಯಷ್ಟೇ ಬಿಡಿಸಿ ಮತ್ತೆ ಕಟ್ಟುತ್ತ ಹೋಗಬೇಕು; ಒಮ್ಮೆಗೇ ಬಿಡಿಸಿದರೆ ಮೇಲಿನದು ಕುಸಿಯುವುದು. ಇಲ್ಲಿ ಗೋಡೆಗೆ ಅಡ್ಡವಾಗಿ ಒಳಮೈಯಿಂದ ಹೊರಮೈಗೆ ಮುಟ್ಟುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಸೇರಿಸಿದೆವು. ಇದಕ್ಕೆ ಕಾರಣವುಂಟು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ, ಲಾತೂರು ಸೀಮೆಯಲ್ಲಿ ಸಾವಿರಾರು ಜನರು ಮಡಿದದ್ದು ಇಂತಹವೇ ಮನೆಗಳ ಕೆಳಗೆ. ಅಲ್ಲಿನ ದಪ್ಪ ಕಲ್ಲುಗೋಡೆಗಳ ಒಳಪದರಕ್ಕೂ ಹೊರಪದರಕ್ಕೂ ಹೆಣಿಗೆಯಿರಲಿಲ್ಲ. ಮೇಲೆ ಭಾರಿ ಮಣ್ಣಿನ ಮಾಳಿಗೆ. ಆ ದುರಂತದ ತರುವಾಯ ಅಲ್ಲಿ ಉಳಿದ ಮನೆಗಳನ್ನು ಭದ್ರಪಡಿಸುವಾಗ ಎಂಜಿನಿಯರರು ಹೇಳಿದ ಮೊದಲ ಮಾತುಗಳಲ್ಲಿ ಎರಡು ಇವು: ಗೋಡೆಗೆ ಅಡ್ಡಗಲ್ಲು ಕೊಡಿ, ಮಾಳಿಗೆಯ ಮಣ್ಣನ್ನು ಕಡಿಮೆ ಮಾಡಿ. ಹಳೆಯ ಮನೆಯನ್ನು ಹೊಗಳುವವರು ಅದರ ಈ ದೋಷವನ್ನೂ ಹೇಳಬೇಕಾದುದು ನ್ಯಾಯ.

ನಮ್ಮ ಮಾಳಿಗೆಯ ಮೇಲೆ ತಲೆತಲಾಂತರದಿಂದ ವರ್ಷವರ್ಷವೂ ಮಣ್ಣು ಹಾಕಿದವರುಂಟು, ತೆಗೆದವರು ಒಬ್ಬರೂ ಇರಲಿಲ್ಲ. ಒಂದು ಅಡಿ ದಪ್ಪದ ಹಸಿಮಣ್ಣೆಂದರೆ ಒಂದು ಚದರ ಮೀಟರಿಗೆ ಸುಮಾರು ಅರ್ಧ ಟನ್ನು ಭಾರ. ಕೆಲವೆಡೆ ಅದು ಎರಡು ಅಡಿಯನ್ನು ಮುಟ್ಟಿತ್ತು. ಜಂತಿಗಳು ಬಾಗಿದುದರಲ್ಲಿ ಆಶ್ಚರ್ಯವೇನು? ಎಲ್ಲವನ್ನೂ ಇಳಿಸಿ, ಅರ್ಧ ಅಡಿಯಷ್ಟು ಮಾತ್ರ ಬಿಗಿಯಾದ ಮಣ್ಣು, ಅದರ ಮೇಲೆ ನಾಲ್ಕು ಬೆರಳು ಸವಳು, ಇಷ್ಟಕ್ಕೆ ನಿಲ್ಲಿಸಿದೆವು. ತೊಲೆಗಳಲ್ಲಿ ಗೋಡೆಯೊಳಗೆ ಹುದುಗಿದ್ದ ತುದಿಗಳು ಮಾತ್ರ ಕೊಳೆತಿದ್ದವು. ನಡುಭಾಗದ ಸಾಗುವಾನಿ ಕಬ್ಬಿಣದಂತಿತ್ತು. ಬಡಿಗೇರನು ಕೊಳೆತ ತುದಿಯನ್ನು ಕೊಯ್ದು, ಅದೇ ಜಾತಿಯ ಹಳೆಯ ಮರವನ್ನು ಸಂದುಹಾಕಿ, ಕಬ್ಬಿಣದ ಪಟ್ಟಿಯಿಂದ ಬಿಗಿದನು. ತೊಲೆ ಪೂರ್ತಿ ಬದಲಾಯಿಸಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ಅಷ್ಟು ದಪ್ಪದ ಮರವನ್ನು ಈಗ ಎಲ್ಲಿಂದ ತರುವುದು?

ಸುಣ್ಣದ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಎರೆಭೂಮಿಯಲ್ಲಿ ಉಳುವಾಗ ಸಿಕ್ಕುವ ಸುಣ್ಣಕಲ್ಲಿನ ಹರಳುಗಳನ್ನು ಸುಮಾರು ಒಂಬೈನೂರು ಡಿಗ್ರಿ ಕಾವಿನಲ್ಲಿ ಸುಟ್ಟರೆ ಸುಟ್ಟಸುಣ್ಣ. ಅದಕ್ಕೆ ನೀರು ಹೊಯ್ದರೆ ಕುದಿದು ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಅಂಗಾರಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಈ ಕೆಲಸ ನಿಧಾನವಾದುದು, ಪಸೆಯನ್ನು ಬೇಡುವುದು. ಸುಡುಬಿಸಿಲಿನಲ್ಲಿ ಬಳಿದ ಸುಣ್ಣ ಪುಡಿಯಾಗಿ ಉದುರುತ್ತದೆ. ಆದುದರಿಂದ ಗಾರೆಯ ಕೆಲಸವನ್ನೆಲ್ಲ ಮಳೆಗಾಲ ಕಳೆದ ಮೇಲೆ ಚಳಿಗಾಲಕ್ಕೆ ಇಟ್ಟುಕೊಂಡೆವು. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣವನ್ನೂ ಮರಳನ್ನೂ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದುವನ್ನು ಬೆರೆಸುತ್ತಿದ್ದರು. ಗಾಣದ ಕಲ್ಲು ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿ ಬಿದ್ದಿತ್ತು. ಅದನ್ನು ಮತ್ತೆ ಹೂಡುವ ಹುಮ್ಮಸ್ಸು ಕೆಲವರಿಗೆ ಬಂದರೂ, ಎತ್ತುಗಳೇ ಇಲ್ಲದ ಕಾಲದಲ್ಲಿ ಅದು ನಾಟಕವಾದೀತೆಂದು ಬಿಟ್ಟೆವು. ಅರೆಯುವುದಕ್ಕೆ ಯಂತ್ರ ಸಾಕು.

ಅಲಂಕಾರದ ಮಾತಿಗೆ ಬರೋಣ. ನಮ್ಮ ಹಳೆಯ ಕಾವ್ಯಗಳನ್ನು ಬಲ್ಲವರಿಗೆ ‘ಸಾರಣೆ ಕಾರಣೆ’ ಎಂಬ ಜೋಡಿಮಾತು ಹೊಸದಲ್ಲ. ನೆಲಗೋಡೆಗಳನ್ನು ಸಾರಿಸಿ ಸುಣ್ಣ ಬಳಿಯುವುದು ಸಾರಣೆ. ಅದರ ಮೇಲೆ ಕೆಮ್ಮಣ್ಣಿನ ಪಟ್ಟೆಗಳನ್ನು ಎಳೆಯುವುದು ಕಾರಣೆ. ಹಳ್ಳಿಯ ಮನೆಗೆ ಇಂದಿಗೂ ಇದಕ್ಕಿಂತ ಒಪ್ಪುವ ಅಲಂಕಾರವಿಲ್ಲವೆಂಬುದು ನಮ್ಮ ಅಭಿಪ್ರಾಯ. ಗೋಡೆಯ ಬುಡಕ್ಕೆ ಕೆಂಪು ಪಟ್ಟೆಯನ್ನು ಬಿಡುವುದು ಚೆಲುವಿಗಾಗಿ ಮಾತ್ರವಲ್ಲ. ಮಳೆಯ ಹನಿ ನೆಲಕ್ಕೆ ಬಡಿದು ಸಿಡಿಯುವ ಕೆಸರು ಅಲ್ಲಿ ಕಾಣುವುದಿಲ್ಲ. ಅರಳಿದ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿಟ್ಟು, ಸೋಸಿ, ಚಿಟಿಕೆ ನೀಲಿಯನ್ನು ಸೇರಿಸಿ, ಹಾಲಿನಷ್ಟು ತೆಳುವಾಗಿ ಮೂರು ಕೈ ಬಳಿದರೆ, ಗವಾಕ್ಷಿಯಿಂದ ಬೀಳುವ ಒಂದೇ ಬೆಳಕಿನ ಕಂಬದಿಂದ ಪಡಸಾಲೆಯೆಲ್ಲ ತಿಳಿಯಾಗಿ ಕಾಣುತ್ತದೆ. ಪೇಟೆಯ ಹೊಳಪುಬಣ್ಣ ಈ ಬೆಳಕನ್ನು ಕೊಡಲಾರದು; ಮೇಲಾಗಿ ಅದು ಪಸೆಯನ್ನು ಹಿಡಿದಿಡುವುದರಲ್ಲಿ ಸಿಮೆಂಟಿನ ತಮ್ಮನೇ.

ತಲೆಬಾಗಿಲಿನ ಚೌಕಟ್ಟಿನ ಮೇಲೆ ಬೇರೆ ಬೇರೆ ಕಾಲದ ಐದಾರು ಬಣ್ಣಗಳು ಒಂದರ ಮೇಲೊಂದು ಕೂತಿದ್ದವು. ಸುಟ್ಟು ತೆಗೆಯುವುದು ಬೇಗನೆಯ ದಾರಿಯಾದರೂ ಕೆತ್ತನೆ ಕರಿಯಾಗುವುದೆಂದು ಕೆರೆದೇ ತೆಗೆಸಿದೆವು. ಎರಡು ವಾರ ಹಿಡಿಯಿತು. ಒಳಗಿನಿಂದ ಬಳ್ಳಿ, ಪದ್ಮ, ನಡುವೆ ಗಜಲಕ್ಷ್ಮಿ ಕಾಣಿಸಿಕೊಂಡವು. ಅಗಸೆಯ ಎಣ್ಣೆಯನ್ನು ಮಾತ್ರ ತಿಕ್ಕಿ ಬಿಟ್ಟೆವು. ಮರಕ್ಕೆ ಬಣ್ಣವೇ ಕೂಡದೆಂದು ನಮ್ಮ ಮತವಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರಕ್ಕೆ ಬಣ್ಣವಿಡುವುದೇ ಒಂದು ವಂಶಪಾರಂಪರ್ಯದ ವಿದ್ಯೆಯಾಗಿದೆ. ಆದರೆ ನಮ್ಮ ಬಾಗಿಲಿಗೆ ಬಳಿದುದು ಆ ವಿದ್ಯೆಯಲ್ಲ, ಡಬ್ಬಿಯಲ್ಲಿ ಉಳಿದ ಬಣ್ಣ.

ಕಾಳಿನ ಕೋಣೆಯ ಒಂದು ಗೋಡೆಯನ್ನು ಬಳಿಯದೆ ಬಿಟ್ಟಿದ್ದೇವೆ. ಅಲ್ಲಿ ಯಾವುದೋ ವರ್ಷಗಳ ಜೋಳದ ಚೀಲಗಳ ಲೆಕ್ಕ ಇದ್ದಲಿನ ಗೀಟುಗಳಲ್ಲಿದೆ, ಐದಕ್ಕೊಂದು ಅಡ್ಡಗೀಟು. ಒಂದು ಸಾಲು ಬಹಳ ಚಿಕ್ಕದು. ಆ ವರ್ಷ ಏನಾಯಿತೆಂಬುದನ್ನು ಹೇಳುವವರು ಈಗ ಯಾರೂ ಇಲ್ಲ.

ಹಳೆಯ ಮನೆಯನ್ನು ಹೀಗೆ ಉಳಿಸಿದ ಮೇಲೆ ಅದನ್ನು ಏನು ಮಾಡುವುದು? ಇಳಕಲ್ಲಿನ ನೇಕಾರರ ಮನೆಯ ಮಾದರಿಯೊಂದನ್ನು ಚೆನ್ನೈ ಹತ್ತಿರ 1996ರಲ್ಲಿ ತೆರೆದ ದಕ್ಷಿಣಚಿತ್ರವೆಂಬ ಸಂಗ್ರಹಾಲಯದಲ್ಲಿ ನೋಡಬಹುದು. ನೋಡಿ ಕಲಿಯುವುದಕ್ಕೆ ಅದು ಒಳ್ಳೆಯದೇ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟಿನವರು ಹಳೆಯ ಮನೆಗಳನ್ನು ಹಳೆಯ ರೀತಿಯಲ್ಲಿಯೇ ದುರಸ್ತಿಮಾಡಿ ಬಳಕೆಗೆ ತಂದಿದ್ದಾರೆ. ಹಂಪಿಗೆ ಬರುವ ಪ್ರವಾಸಿಗರು ಆ ಊರಿಗೆ ಆಸರೆ. ಮಸ್ಕಿಯ ಬದಿಯ ಹೊಲಮನೆಗೆ ಯಾವ ಪ್ರವಾಸಿ ಬರುವನು? ಸುಣ್ಣ ಬಳಿಯುವ ಕೆಲಸ ನಡೆದಿದ್ದಾಗ ನಮ್ಮ ದೊಡ್ಡವ್ವ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದವರು, “ಬಣ್ಣ ಹಚ್ಚತೀರಿ ಖರೆ, ದೀಪ ಹಚ್ಚವ್ರು ಯಾರಪ್ಪಾ?” ಎಂದು ಕೇಳಿದರು. ಅಲ್ಲಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ಅಡಿಗೆಯ ಮನೆಯಲ್ಲಿ ಒಲೆ ಹೊತ್ತಿಸದ ಮಾಳಿಗೆಗೆ ಹೊಗೆಯಿಲ್ಲ, ಹೊಗೆಯಿಲ್ಲದ ಜಂತಿಗೆ ಗೆದ್ದಲು ಬೇಗ ಹತ್ತುವುದು. ಸೋರಿದ ಮೊದಲ ಹನಿಯನ್ನು ಕಾಣುವುದಕ್ಕೆ ಕೆಳಗೆ ಮಲಗಿದವರು ಒಬ್ಬರಿರಬೇಕು.

ಬಹಳ ಚರ್ಚೆಯಾಗಿ ಹೊಲವನ್ನು ಮಾಡುವ ಕುಟುಂಬಕ್ಕೇ ಆರು ಅಂಕಣಗಳನ್ನು ವಾಸಕ್ಕೆ ಬಿಟ್ಟೆವು. ಅವರಿಗಾಗಿ ಹಿತ್ತಲಿನಲ್ಲಿ, ಗೋಡೆಗೆ ತಗುಲದಂತೆ, ಬಚ್ಚಲನ್ನೂ ಶೌಚಗೃಹವನ್ನೂ ಹೊಸದಾಗಿ ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟಿಸಿದೆವು. ಎಲ್ಲಿ ನೀರಿನ ಬಳಕೆ ಹೆಚ್ಚೋ ಅಲ್ಲಿ ಸಿಮೆಂಟಿಗೆ ಎರಡನೆಯದಿಲ್ಲ. ಎತ್ತುಗಳಿದ್ದ ಜಾಗದಲ್ಲಿ ಈಗ ಎರಡು ಎಮ್ಮೆಗಳಿವೆ. ಉಳಿದ ಆರು ಅಂಕಣಗಳಲ್ಲಿ ಸುಗ್ಗಿಯಲ್ಲಿ ಭತ್ತದ ಚೀಲಗಳು, ಹಬ್ಬದಲ್ಲಿ ನಾವು. ಶಾಸನಗಳ ದಾನಿಗಳನ್ನು ನೆನೆದು ಬಾವಿಯ ಮಗ್ಗುಲಿನ ಒಂದು ಎಕರೆಯ ಹುಟ್ಟುವಳಿಯನ್ನು ಮನೆಯ ಹೆಸರಿಗೆ ಬೇರೆ ಬರೆದಿಡುವುದೆಂದು ಅಣ್ಣತಮ್ಮಂದಿರು ಒಪ್ಪಿದ್ದಾರೆ. ಮೊದಲ ವರ್ಷದ ಹಣದಲ್ಲಿ ಸವಳು ಮಣ್ಣು, ಸುಣ್ಣ, ಕೂಲಿ ಕಳೆದು ಸ್ವಲ್ಪ ಉಳಿಯಿತು. ಕೊಟ್ಟಿಗೆಯ ಹಿಂಗೋಡೆ ಇನ್ನೂ ಸಿಮೆಂಟಿನ ಕವಚದಲ್ಲಿಯೇ ಇದೆ. ಬರುವ ಬೇಸಿಗೆಯಲ್ಲಿ ಕಾಲುವೆ ನಿಂತೊಡನೆ ಅದನ್ನು ಬಿಡಿಸಬೇಕು; ಗೌಂಡಿಗೆ ಈಗಲೇ ಹೇಳಿಟ್ಟಿದ್ದೇವೆ.